ಕಂಡಕ್ಟರಮ್ಮನ ಹಿಮ್ಮಡಿ

ಬಸ್ಸಿನಲ್ಲಿ ಎಲ್ಲರೂ ಅವಳನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ದಿನಕ್ಕೆ ಎಂಟು ಗಂಟೆ ನಿಂತೇ ಇರುವ ಕೆಲಸ. ಹಿಮ್ಮಡಿಯಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟೊಂದು ಎದ್ದಾಗ ಅವಳು ಆಣಿ ಎಂದುಕೊಂಡಳು. ಔಷಧಿ ಅಂಗಡಿಯವನೂ ಆಣಿ ಎಂದೇ ಹೇಳಿ ಪಟ್ಟಿ ಕೊಟ್ಟ. ಎರಡು ತಿಂಗಳು ಅಂಟಿಸಿದಳು. ಸುತ್ತಲ ಚರ್ಮ ಬೆಳ್ಳಗಾಗಿ ಸುಲಿಯಿತು, ಗಂಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ರೋಸಿಹೋಗಿ ಗಂಡನ ಬ್ಲೇಡು ತೆಗೆದುಕೊಂಡು ಹೆರೆದಳು. ರಕ್ತ ಬಂತು. ಕೆಲವು ವಾರಗಳಲ್ಲಿ ಅದರ ಪಕ್ಕದಲ್ಲೇ ಇನ್ನೆರಡು ಹುಟ್ಟಿಕೊಂಡವು.

ಚರ್ಮದ ಡಾಕ್ಟರು ಗಂಟಿನ ಮೇಲ್ಪದರವನ್ನು ಮೆಲ್ಲನೆ ಕೆರೆದು, ಒಳಗಿನ ಕಪ್ಪು ಚುಕ್ಕಿಗಳನ್ನು ಕನ್ನಡಿಯಲ್ಲಿ ತೋರಿಸಿದರು.

"ಇದು ಆಣಿ ಅಲ್ಲಮ್ಮ, ನರಹುಲಿ. ವೈರಸ್ಸಿಂದ ಬರುತ್ತೆ."

ವೈರಸ್ ಎಂದರೆ ನೆಗಡಿ ಜ್ವರ ಎಂದು ತಿಳಿದಿದ್ದ ಅವಳಿಗೆ, ಅದು ಮೂಗು ಬಿಟ್ಟು ಹಿಮ್ಮಡಿಗೆ ಯಾಕೆ ಬಂತು ಎನ್ನುವುದು ತಲೆಗೆ ಹೋಗಲಿಲ್ಲ. ಡಾಕ್ಟರು ಒಂದು ಸೀಸೆ ಔಷಧಿ ಬರೆದುಕೊಟ್ಟು, ದಿನಾ ಸಂಜೆ ಬಿಸಿನೀರಿನಲ್ಲಿ ಕಾಲು ನೆನೆಸಿ, ಉಜ್ಜಿ, ಗಂಟಿನ ಮೇಲಷ್ಟೇ ಹಚ್ಚಲು ಹೇಳಿದರು. ಬ್ಲೇಡು ಮುಟ್ಟಬಾರದು, ಚಪ್ಪಲಿ ಯಾರಿಗೂ ಕೊಡಬಾರದು ಎಂದರು.

ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ಹಚ್ಚಿದಳು. ಗಂಟು ಹೋಗಲಿಲ್ಲ. ಆಮೇಲೆ ಡಾಕ್ಟರು ಎರಡು ಸಲ, ಐಸಿಗಿಂತ ತಣ್ಣಗಿನ ಗ್ಯಾಸನ್ನು ಹೊಗೆಯ ಹಾಗೆ ಬಿಟ್ಟು ಗಂಟನ್ನು ಸುಟ್ಟರು. ಬೊಬ್ಬೆ ಎದ್ದು, ವಾರಗಟ್ಟಲೆ ಕಂಬಿ ಹಿಡಿದು ಕುಂಟುತ್ತಾ ಟಿಕೆಟ್ ಕೊಟ್ಟಳು. ಬಸ್ಸು ನೆಟ್ಟಗೆ ಹೋದರೂ ಕಂಡಕ್ಟರಮ್ಮ ಸೊಟ್ಟ ಹೋಗುತ್ತಾರೆ ಎಂದು ಡ್ರೈವರು ತಮಾಷೆ ಮಾಡಿದ. ಬೊಬ್ಬೆ ಒಣಗಿದಾಗ ಕೆಳಗೆ ನರಹುಲಿ ಇದ್ದ ಹಾಗೇ ಇತ್ತು. ಅವಳು ಸೀಸೆಯನ್ನು ಕಪಾಟಿಗೆ ಹಾಕಿ, ಅದರ ಗೊಡವೆಯೇ ಬೇಡ ಎಂದು ಬಿಟ್ಟಳು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸ್ನಾನ ಮಾಡಿ ಕಾಲೊರೆಸುವಾಗ ಹಿಮ್ಮಡಿ ನುಣ್ಣಗಿತ್ತು. ನೋಡಿದ್ದು ಬೇರೆ ಕಾಲೇನೋ ಎಂದು ಇನ್ನೊಂದನ್ನೂ ನೋಡಿದಳು. ಅದೂ ನುಣ್ಣಗಿತ್ತು. ಗಂಡನನ್ನು ಕರೆದು ಯಾವ ಕಾಲಿನಲ್ಲಿತ್ತು ಎಂದು ಕೇಳಿದರೆ, ಅವನು ಬಲಗಾಲು ಎಂದ, ಸ್ವಲ್ಪ ಯೋಚಿಸಿ ಎಡಗಾಲು ಎಂದ. ಇಷ್ಟು ದಿನ ನೋವು ತಿಂದವಳಿಗೇ ನೆನಪಾಗದೆ ಸಿಟ್ಟು ಬಂತು.

ಔಷಧಿಯಿಂದ ಹೋಯಿತೋ, ಸುಟ್ಟಿದ್ದಕ್ಕೆ ಹೋಯಿತೋ ಎಂದು ಡಾಕ್ಟರನ್ನು ಕೇಳಿದಳು.

"ಕೆಲವು ಸಲ ತಾನಾಗೇ ಹೋಗುತ್ತೆ. ನಿಮಗೆ ಯಾವುದರಿಂದ ಹೋಯ್ತು ಅಂತ ನಂಗೂ ಹೇಳಕ್ಕಾಗಲ್ಲ," ಎಂದರು ಅವರು.

ಯಾರು ಯಾವ ಸ್ಟಾಪಿನಲ್ಲಿ ಹತ್ತಿದರು ಎಂದು ತುಂಬಿದ ಬಸ್ಸಿನಲ್ಲೂ ಹೇಳಬಲ್ಲ ಅವಳು, ಖುಷಿಪಡಬೇಕೋ ಬೇಡವೋ ತಿಳಿಯದೆ ಮನೆಗೆ ಬಂದಳು.

ಅಡುಗೆಮನೆಯಲ್ಲಿ ಅತ್ತೆ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದರು. ಹೆಬ್ಬೆರಳ ಕೆಳಗೆ ಅಂಥದೇ ಗಂಟು. ಕೈಯಲ್ಲಿ ಸೊಸೆಯ ಸೀಸೆ, ಮುಚ್ಚಳ ಆಗಲೇ ತೆಗೆದಾಗಿತ್ತು.

"ನಿಂಗೆ ಇದರಲ್ಲೇ ತಾನೆ ವಾಸಿ ಆಗಿದ್ದು?"

ಅತ್ತೆಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅಂಥವರು ಇದನ್ನು ತಾವಾಗಿ ಹಚ್ಚಿಕೊಂಡರೆ ಹುಣ್ಣಾಗಿ ಮಾಯದೇ ಹೋಗಬಹುದು ಎಂದು ಸೀಸೆಯ ಚೀಟಿಯಲ್ಲೇ ಬರೆದಿತ್ತು. ಅವಳು ಮೆಲ್ಲನೆ ಸೀಸೆ ತೆಗೆದುಕೊಂಡಳು.

"ಇದು ನಿಮಗಾಗಲ್ಲ ಅತ್ತೆ."

"ಮತ್ತೇನು ಹಚ್ಚಲಿ?"

"ನಂಗೊಂದೂ ಗೊತ್ತಾಗ್ತಿಲ್ಲ. ನಾಳೆ ರಜೆ ಹಾಕ್ತೀನಿ, ಇಬ್ಬರೂ ಹೋಗಿ ತೋರಿಸೋಣ."

ಅತ್ತೆ ಕಾಲು ಕೆಳಗಿಟ್ಟು ಚಪ್ಪಲಿ ಮೆಟ್ಟಿದರು. ಅದು ಸೊಸೆಯದೇ ಚಪ್ಪಲಿ.