ಕಾರಕೂನರ ಮನೆಯ ಮೇಲಂತಸ್ತು

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಆ ವರ್ಷ ಯುಗಾದಿ ಮುಗಿದ ವಾರವೇ ಕನ್ಯಾಶಾಲೆಯ ವತ್ಸಲಾಬಾಯಿಯವರು ಗೌಂಡಿ ಜಕ್ಕಪ್ಪನಿಗೆ ಹೇಳಿಕಳಿಸಿದರು. ಹದಿನಾರು ವರ್ಷ ಬನಹಟ್ಟಿಯ ಬಾಡಿಗೆ ಕೋಣೆಯಲ್ಲಿದ್ದು ಪಾಠ ಹೇಳಿದ ಅವರಿಗೆ ಈಗ ಹುಟ್ಟೂರಾದ ಜಮಖಂಡಿಗೆ ವರ್ಗವಾಗಿತ್ತು. ಅವರ ತಂದೆ ಸಂಸ್ಥಾನದ ಖಜಾನೆಯಲ್ಲಿ ಕಾರಕೂನರಾಗಿದ್ದವರು. ತಂದೆ ತೀರಿದ ಮೇಲೆ ಆರು ವರ್ಷ ಮನೆ ಬೀಗ ಹಾಕಿಕೊಂಡೇ ನಿಂತಿತ್ತು. ಸಾಂಗಲಿಯಲ್ಲಿದ್ದ ಅಣ್ಣ, ವಿಧವೆಯಾದ ತಂಗಿಗೆ ಆಸರೆಯಾಗಲೆಂದು ಅದನ್ನು ಅವರ ಹೆಸರಿಗೇ ಮಾಡಿಸಿಕೊಟ್ಟಿದ್ದ. ರಿಪೇರಿಗೆ ಎಷ್ಟು ಖರ್ಚು ಬಂದೀತು ಎಂದು ತಿಳಿಯಬೇಕಿತ್ತು.

ಜಕ್ಕಪ್ಪ ಕರಣಿ ಹಿಡಿಯುವುದನ್ನು ಬಿಟ್ಟು ಮೂರು ವರ್ಷವಾಗಿತ್ತು, ಕೈ ನಡುಗುತ್ತಿತ್ತು. ಆದರೆ ಊರಿನಲ್ಲಿ ಯಾರದೇ ಮನೆ ರಿಪೇರಿಯಿದ್ದರೂ ಮೊದಲು ಅವನನ್ನು ಕರೆದು ತೋರಿಸುತ್ತಿದ್ದರು. ಅವನು ಸಾವಿರವೆಂದರೆ ಸಾವಿರದಲ್ಲೇ ಕೆಲಸ ಮುಗಿಯುತ್ತಿತ್ತು. ಈ ಮನೆಯ ಅಂದಾಜಿಗಂತೂ ಯಾರೂ ಕರೆಯದಿದ್ದರೂ ಅವನು ಹೋಗುತ್ತಿದ್ದನೇನೋ. ನಲವತ್ತು ವರ್ಷದ ಹಿಂದೆ ಅದನ್ನು ಕಟ್ಟಿದವರಲ್ಲಿ ಅವನೂ ಒಬ್ಬ.

ಬಾಗಿಲು ತೆರೆದ ಕೂಡಲೇ ಬಾವಲಿಯ ವಾಸನೆ ಬಂತು. ಪಡಸಾಲೆಯ ಕಲ್ಲುಗೋಡೆ ಮಾತ್ರ ಒಂದು ಕೂದಲೆಳೆಯಷ್ಟೂ ಬಿರುಕು ಬಿಟ್ಟಿರಲಿಲ್ಲ. ಜಕ್ಕಪ್ಪ ಗೋಡೆಯ ಮೇಲೆ ಅಂಗೈ ಇಟ್ಟು ನಿಂತುಬಿಟ್ಟ.

"ಇದರ ಗಚ್ಚು ನಮ್ಮ ಹೊಳೆವ್ವ ಅರದದ್ದರಿ, ಅಕ್ಕಾರ," ಎಂದ.

ಹೊಳೆವ್ವ ಅವನ ಹೆಂಡತಿ. ಆ ಬೇಸಿಗೆಯಲ್ಲೇ ಅವರ ಮದುವೆಯಾಗಿತ್ತು. ಅವನಿಗೆ ಇಪ್ಪತ್ತೆರಡು, ಅವಳಿಗೆ ಹದಿನಾರು. ಹಿತ್ತಲಿನಲ್ಲಿ ಸುಣ್ಣದ ಗಾಣ ಹೂಡಿದ್ದರು. ಮುಧೋಳದ ಕಡೆಯಿಂದ ಬಂಡಿಯಲ್ಲಿ ಸುಣ್ಣ ಬರುತ್ತಿತ್ತು. ಹೊಳೆವ್ವ ಎತ್ತಿನ ಹಿಂದೆ ಸುತ್ತು ಹೊಡೆಯುತ್ತ, ಗಾಲಿಯ ದಾರಿಯಲ್ಲಿ ಬೆಲ್ಲದ ನೀರು ಸುರಿಯುತ್ತ, ಯಾರೂ ನೋಡದಾಗ ಬೆರಳು ಅದ್ದಿ ನೆಕ್ಕುತ್ತಿದ್ದಳು. ಮೇಲೆ ಗೋಡೆ ಇಡುತ್ತಿದ್ದ ಜಕ್ಕಪ್ಪ ಮಾತ್ರ ನೋಡುತ್ತಿದ್ದ. "ಲೇ ಜಕ್ಯಾ, ಇಲ್ಲಿ ಗೋಡಿ ನೋಡು, ಹೇಣ್ತಿನ್ನ ಮನ್ಯಾಗ ನೋಡು!" ಎಂದು ಮುಕಾದಮ ಕೂಗಿದರೆ ಹತ್ತಾರು ಆಳುಗಳೂ ನಗುತ್ತಿದ್ದರು. ಅವಳು ಸೆರಗು ಎಳೆದುಕೊಂಡು ಎತ್ತಿನ ಮರೆಗೆ ಸರಿಯುತ್ತಿದ್ದಳು.

ಅಡುಗೆಮನೆಯ ಹಿಂದಿನ ಗೋಡೆ ಮಳೆನೀರಿಗೆ ಉಬ್ಬಿತ್ತು. ಬಾಗಿಲ ಚೌಕಟ್ಟುಗಳಲ್ಲಿ ಎರಡು ಕೊಳೆತಿದ್ದವು. ಜಕ್ಕಪ್ಪ ಒಂದೊಂದನ್ನೂ ಬಾಯಲ್ಲಿ ಹೇಳುತ್ತ ಬೆರಳು ಮಡಿಚಿದ. ಆಮೇಲೆ ಮೆಟ್ಟಿಲು ಹತ್ತಿ ಮೇಲಂತಸ್ತಿಗೆ ಹೋದರು. ಅಲ್ಲಿದ್ದದ್ದು ಒಂದೇ ದೊಡ್ಡ ಕೋಣೆ, ಇಟ್ಟಿಗೆಯದು.

"ಮುಲ್ಕಿ ಪರೀಕ್ಷಾಕ್ಕ ನಾ ಇಲ್ಲೇ ಕೂತು ಓದಿದ್ದು," ಎಂದರು ವತ್ಸಲಾಬಾಯಿ. "ಅಪ್ಪಾ ಕಚೇರಿಯಿಂದ ಬಂದವರು ಕೆಳಗಿಂದನ ಪ್ರಶ್ನಿ ಕೇಳತಿದ್ರು. ನಾ ಇಲ್ಲಿಂದ ಒದರಿ ಉತ್ತರಾ ಹೇಳತಿದ್ದೆ. ಓಣಿಗೆಲ್ಲಾ ಪಾಠ ಆಗತಿತ್ತು."

ಜಕ್ಕಪ್ಪ ನಕ್ಕ. ನಗುತ್ತಲೇ ನಡುವಿನ ತೊಲೆಯನ್ನು ಕೋಲಿನಿಂದ ಬಡಿದ. ಸದ್ದು ಮಂದವಾಗಿತ್ತು. ಕೆಳಗೆ ನೆಲದ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿತ್ತು. ಕೆಳಗಿನ ತೊಲೆಗಳೆಲ್ಲ ಸಾಗವಾನಿ. ಮೇಲೆ ಕಟ್ಟುವ ಹೊತ್ತಿಗೆ ಕಾರಕೂನರ ಕೈ ಬಿಗಿಯಾಗಿ ಜಾಲಿಯ ಮರ ಹಾಕಿಸಿದ್ದರು. ಅದು ಅವನಿಗೆ ಗೊತ್ತಿತ್ತು. ಆದರೂ ಆ ಕ್ಷಣಕ್ಕೆ, ಇಲಿ ಮಣ್ಣು ಕೆದರಿರಬೇಕು ಎಂದುಕೊಂಡ. ಪುಡಿಯನ್ನು ಕಾಲಿನಿಂದ ಸರಿಸಿದ.

"ಹದಿನಾಕು ನೂರರಾಗ ಮುಗಸಬಹುದರಿ," ಎಂದ.

ವತ್ಸಲಾಬಾಯಿಯವರ ಮುಖ ಅರಳಿತು. ಅವರು ಕೂಡಿಸಿಟ್ಟಿದ್ದು ಹದಿನೇಳು ನೂರು. "ಅಷ್ಟರಾಗ ಆಗತದ? ಹಂಗಾದರ ಮಳಿಗಾಲದಾಗ ನಾ ಇಲ್ಲೇ ಇರತೇನಿ. ಮಲಗೂದು ಈ ಕೋಣ್ಯಾಗನ," ಎಂದರು.

ಮನೆಗೆ ಬಂದು ಊಟಕ್ಕೆ ಕೂತಾಗ ಜಕ್ಕಪ್ಪ ಹೆಂಡತಿಗೆ ಎಲ್ಲ ಹೇಳಿದ. ಗೋಡೆ ಹೇಗೆ ನಿಂತಿದೆ, ಗಾಣದ ಜಾಗದಲ್ಲಿ ಈಗ ಬೇವಿನಗಿಡ ಎಷ್ಟೆತ್ತರವಾಗಿದೆ, ಎಲ್ಲ. ಹೊಳೆವ್ವ ರೊಟ್ಟಿ ಬಡಿಯುತ್ತ ಕೇಳಿದಳು.

"ಮ್ಯಾಲಿನ ತೊಲಿ ಹೆಂಗೈತಿ? ಜಾಲೀದು ಅದು."

ಜಕ್ಕಪ್ಪ ತಂಬಿಗೆ ಎತ್ತಿ ನೀರು ಕುಡಿದ.

"ಬಡದು ನೋಡಿದಿ?"

"ನೋಡಿದೆ."

"ಏನಂತು?"

ಅವನು ರೊಟ್ಟಿ ಮುರಿದ, ಬಾಯಿಗೆ ಇಡಲಿಲ್ಲ. ಹೊಳೆವ್ವ ಕೈಯ ಹಿಟ್ಟು ಕೊಡವಿ ಗಂಡನ ಕಡೆ ತಿರುಗಿದಳು. "ನೀ ಮನಿ ನೋಡಿ ಬಂದಿಲ್ಲ. ಆವತ್ತಿನ ನಮ್ಮಿಬ್ಬರನ್ನ ನೋಡಿ ಬಂದಿ. ಆ ಅಕ್ಕಾರು ಅದರ ಬುಡಕ ಮಲಗತಾರ, ನೆಪ್ಪೈತಿ?"

ಮರುದಿನ ಬೆಳಿಗ್ಗೆ ವತ್ಸಲಾಬಾಯಿ ಶಾಲೆಗೆ ಹೊರಡುವ ಮೊದಲೇ ಅವನು ಅವರನ್ನು ಕರೆದುಕೊಂಡು ಮತ್ತೆ ಆ ಕೋಣೆಗೆ ಹೋದ. ಉಳಿ ತಂದಿದ್ದ. ತೊಲೆಗೆ ಒತ್ತಿದರೆ ಅದು ಹಿಡಿಯವರೆಗೂ ಇಳಿಯಿತು. ಒಳಗೆಲ್ಲ ಗೆದ್ದಲು.

"ನಿನ್ನಿ ನಾ ತಪ್ಪು ಹೇಳಿದ್ನಿರಿ. ಇದನ್ನ ತಗದು ಸಾಗವಾನಿ ಹಾಕಬೇಕು. ಜಂತಿ ಎಲ್ಲಾ ಹೋಗ್ಯಾವು. ಮೂರು ಸಾವಿರಕ್ಕ ಕಮ್ಮಿ ಆಗೂದಿಲ್ಲ."

"ತಪ್ಪು ತಿಳೀಲಾರದ ಆತೋ, ತಿಳದು ಹೇಳಿದ್ರೋ?"

"ತಿಳದ ಹೇಳಿದ್ನಿರಿ," ಎಂದ ಜಕ್ಕಪ್ಪ. ಅರವತ್ತೆರಡು ವರ್ಷದ ಅವನಿಗೆ ಆ ಮಾತು ಹೇಳುವಾಗ ಕಿವಿ ಬಿಸಿಯಾಯಿತು. "ಈ ಕ್ವಾಣಿ ನಾ ನನ್ನ ಕೈಲೆ ಕಟ್ಟಿದ್ದು. ಹೋಗೇತಿ ಅನ್ನಾಕ ಬಾಯಿ ಬರಲಿಲ್ಲರಿ."

ವತ್ಸಲಾಬಾಯಿ ಕಿಟಕಿಗೆ ಒರಗಿ ಹೊರಗೆ ನೋಡಿದರು. ಕೆಳಗೆ ಓಣಿಯಲ್ಲಿ ಯಾರೋ ನೀರಿನ ಕೊಡ ಹೊತ್ತು ಹೋದರು.

"ಆ ಪುಡಿ ನಾನೂ ನೋಡಿದ್ದೆ, ಜಕ್ಕಪ್ಪ. ನೀವು ಕಾಲಿಲೆ ಸರಿಸಿದ್ದೂ ನೋಡಿದೆ. ಕೇಳಿದರ ಎಲ್ಲೆ ಖರೆ ಹೇಳಿಬಿಡತೀರೋ ಅಂತ ಕೇಳಲಿಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಜಕ್ಕಪ್ಪನೇ ದಾರಿ ಹೇಳಿದ: ಮೇಲಂತಸ್ತು ಪೂರ್ತಿ ಬಿಚ್ಚಿಬಿಡುವುದು, ಅದರ ಇಟ್ಟಿಗೆಯಿಂದ ಅಡುಗೆಮನೆಯ ಗೋಡೆ ಹೊಸದಾಗಿ ಕಟ್ಟುವುದು, ಪಡಸಾಲೆಯ ಮೇಲೆ ನೀರು ಇಳಿಯಗೊಡದ ಹಾಳಮಣ್ಣು ಹಾಕಿ ಗಚ್ಚಿನ ಮಾಳಿಗೆ ಮಾಡುವುದು. ಹದಿನಾರು ನೂರಕ್ಕೆ ಮನೆ ಗಟ್ಟಿಯಾಗುತ್ತದೆ. ವತ್ಸಲಾಬಾಯಿ ನಾಲ್ಕು ದಿನ ತೆಗೆದುಕೊಂಡರು. ಐದನೆಯ ದಿನ ಮುಂಗಡ ತಂದುಕೊಟ್ಟು, "ಬಿಚ್ಚೂ ದಿನ ನನಗ ಹೇಳಬ್ಯಾಡ್ರಿ. ನಾ ಸಾಲ್ಯಾಗ ಇರತೇನಿ," ಎಂದರು.

ಬಿಚ್ಚುವ ಕೆಲಸಕ್ಕೆ ಜಕ್ಕಪ್ಪ ರಬಕವಿಯಿಂದ ನಾಲ್ವರನ್ನು ಕರೆಸಿದ್ದ. ಮೊದಲ ಇಟ್ಟಿಗೆಯನ್ನು ತಾನೇ ತೆಗೆಯಬೇಕೆಂದು ಹೋದ. ಅದು ಜಪ್ಪಯ್ಯ ಎಂದರೂ ಬರಲಿಲ್ಲ. ಆಳುಗಳು ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. "ಯಾವ ಪುಣ್ಯಾತ್ಮ ಅರದಾನೋ ಈ ಗಚ್ಚ, ರಟ್ಟಿ ಹ್ವಾದುವು!" ಎಂದು ಒಬ್ಬ ಬೈದುಕೊಂಡ. ನೋಡಲು ಬಂದು ಬೇವಿನ ನೆರಳಿನಲ್ಲಿ ಕೂತಿದ್ದ ಹೊಳೆವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ನಗೆಯದಷ್ಟೇ ಅಲ್ಲವೆಂದು ಜಕ್ಕಪ್ಪನಿಗೆ ತಿಳಿಯಿತು. ಇಳಿದು ಬಂದು ಅವಳ ಪಕ್ಕದಲ್ಲಿ ಕೂತ. ಎರಡು ದಿನದಲ್ಲಿ ಮುಗಿಯಬೇಕಾದ ಕೆಲಸ ಐದು ದಿನ ಹಿಡಿಯಿತು. ಮೂರು ದಿನದ ಹೆಚ್ಚಿನ ಕೂಲಿಯನ್ನು ಅವನು ವತ್ಸಲಾಬಾಯಿಯವರಿಂದ ತೆಗೆದುಕೊಳ್ಳಲಿಲ್ಲ. ಅವರು ಕೇಳಿದರೂ ಲೆಕ್ಕ ಹೇಳಲಿಲ್ಲ.

ರೋಹಿಣಿ ಮಳೆಗೆ ಮೊದಲೇ ವತ್ಸಲಾಬಾಯಿ ಒಂದು ಟ್ರಂಕು, ಒಂದು ಹಾಸಿಗೆ ಮತ್ತು ಮೂರು ಗಂಟು ಪುಸ್ತಕದೊಂದಿಗೆ ಆ ಮನೆಗೆ ಬಂದರು. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಜಕ್ಕಪ್ಪ ಹೋಗಿ ಪಡಸಾಲೆಯ ಸೂರನ್ನೆಲ್ಲ ಕತ್ತೆತ್ತಿ ನೋಡಿದ. ಎಲ್ಲೂ ಸೋರಿರಲಿಲ್ಲ. ಓಣಿಯ ನಾಲ್ಕು ಹುಡುಗಿಯರು ಚಾಪೆಯ ಮೇಲೆ ಕೂತು ಮಗ್ಗಿ ಹೇಳುತ್ತಿದ್ದರು. ವತ್ಸಲಾಬಾಯಿ ಅಡುಗೆಮನೆಯಿಂದಲೇ ತಪ್ಪು ತಿದ್ದುತ್ತ ಅವನಿಗೆ ಚಹಾ ಇಟ್ಟರು.

ಆ ಓಣಿಯಲ್ಲಿ ಹಾಯುವಾಗಲೆಲ್ಲ ಜಕ್ಕಪ್ಪ ಎಷ್ಟೋ ತಿಂಗಳು ರೂಢಿಯಂತೆ ಕತ್ತೆತ್ತುತ್ತಿದ್ದ. ಕೋಣೆಯಿದ್ದ ಕಡೆ ಆಕಾಶವಿರುತ್ತಿತ್ತು. ಅಂದಾಜು ಹೇಳುವ ಕೆಲಸವನ್ನು ಅವನು ಬಿಡಲಿಲ್ಲ. ಆದರೆ ತನ್ನ ಕೈಯಾರೆ ಕಟ್ಟಿದ ಮನೆಗೆ ಯಾರಾದರೂ ಕರೆದರೆ, "ನಾಳಿ ಬರತೇವಿ," ಎನ್ನುತ್ತಿದ್ದ. ಮರುದಿನ ಹೊಳೆವ್ವನೂ ಜೊತೆಗೆ ಹೋಗುತ್ತಿದ್ದಳು. ತೊಲೆ ಬಡಿಯುವಾಗ ಕೋಲು ಅವಳ ಕೈಯಲ್ಲಿರುತ್ತಿತ್ತು.