ಚಪ್ಪಲಿ ಮೆಟ್ಟಿದ ದರ್ಯಾರಾಣಿ

ಬೇಲೆಕೇರಿಯಲ್ಲಿ ದೋಣಿಗಳಿಗೆ ಹೆಸರು ಬರೆಯುವ ಪುಂಡಲೀಕ ನಾನೇ. ಅದು ಹೊಟ್ಟೆಪಾಡು. ಹುಚ್ಚು ಬೇರೆಯೇ ಇತ್ತು: ಕಾರವಾರದ ಒಂದು ವಾರಪತ್ರಿಕೆಗೆ ‘ದರ್ಯಾರಾಣಿ’, ಅಂದರೆ ಕಡಲ ರಾಣಿ, ಎಂಬ ಚಿತ್ರಕಥೆ ಬಿಡಿಸಿ ಬರೆಯುತ್ತಿದ್ದೆ. ಒಬ್ಬಳೇ ದೋಣಿ ಹತ್ತಿ ಕಡಲ್ಗಳ್ಳರ ಹುಟ್ಟಡಗಿಸುವ ಮೀನುಗಾರ ಹೆಣ್ಣಿನ ಸಾಹಸ. ಊರೆಲ್ಲ ಓದುತ್ತಿತ್ತು. ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ನನ್ನ ಹೆಂಡತಿ ಚಂಪಾ ಮಾತ್ರ, “ಅದ್ನೆಲ್ಲ ನೋಡೂಕೆ ನಂಗೆಲ್ಲಿ ಪುರಸೊತ್ತು” ಎಂದು ಬುಟ್ಟಿ ಎತ್ತಿಕೊಂಡು ನಡೆದುಬಿಡುತ್ತಿದ್ದಳು. ಅವಳ ಬಾಯಲ್ಲಿ ಒಂದು ಸಲವಾದರೂ ‘ಚಲೋ ಆಗಿದೆ’ ಅನ್ನಿಸಿಕೊಳ್ಳಬೇಕೆಂದು ನನ್ನ ಜೀವ ಹಾತೊರೆಯುತ್ತಿತ್ತು.

ಹಾಗಾಗಿ ೨೦೦೪ರಲ್ಲಿ ಕೇಬಲ್ ಚಾನೆಲ್ ನಡೆಸುವ ತುಳಸಿದಾಸ ಬಂದು, “ನಿನ್ನ ರಾಣಿನ ಟಿವಿಲಿ ತರ್ತೆ” ಎಂದಾಗ ಹಿಂದೆಮುಂದೆ ನೋಡದೆ ಹೂಂ ಅಂದೆ. ಟಿವಿಯಲ್ಲಿ ಬಂದರೆ ಚಂಪಾ ನೋಡದೆ ಎಲ್ಲಿ ಹೋಗುತ್ತಾಳೆ?

ಮೊದಲ ಕಂತಿನ ಸಂಜೆ ಕೇರಿಯ ಹೆಂಗಸರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಆ ಮಹಾನುಭಾವ ತುಳಸಿದಾಸ ಶೂಟಿಂಗ್ ಮಾಡಿದ್ದು ಮಳೆಗಾಲದಲ್ಲಿ, ಮೀನುಗಾರಿಕೆ ಬಂದ್ ಆಗಿ ದೋಣಿಗಳೆಲ್ಲ ದಂಡೆಯಲ್ಲಿ ತೆಂಗಿನ ಮಡಲು ಹೊದ್ದು ಮಲಗಿದ್ದಾಗ. ರಾಣಿ ಮರಳ ಮೇಲಿನ ದೋಣಿಯಲ್ಲೇ ಹುಟ್ಟು ಹಾಕಿದಳು. ಸಮುದ್ರವೆಂದರೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ. ಅದನ್ನು ಅಲ್ಲಾಡಿಸುವವನ ಮೊಣಕೈ ಕೂಡ ಕಂಡಿತು. ಕಡಲ್ಗಳ್ಳರು ಮೂವರು, ಮೂವರೂ ತುಳಸಿದಾಸನೇ: ಒಮ್ಮೆ ಮೀಸೆ, ಒಮ್ಮೆ ಗಡ್ಡ, ಒಮ್ಮೆ ಎರಡೂ. ಶಾರ್ಕ್ ಮಾತ್ರ ನಿಜವಾದದ್ದು, ಐಸ್ ಪ್ಲಾಂಟಿನಲ್ಲಿ ಯಾರಿಗೂ ಬೇಡವಾಗಿ ಉಳಿದದ್ದು. ರಾಣಿ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಅದನ್ನು ಕೊಂದಳು.

ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಚಂಪಾ ನಗಲಿಲ್ಲ. ಎದ್ದು ಹೋಗಿ ಟಿವಿ ಬಂದ್ ಮಾಡಿದಳು.

“ಚಪ್ಪಲಿ ಮೆಟ್ಕಂಡು ದೋಣಿ ಹತ್ತೂದಾ?” ಎಂದಳು. ಚಪ್ಪಲಿ ಕಾಲನ್ನು ದೋಣಿಗಿಡುವವರು ನಮ್ಮಲ್ಲಿ ಯಾರೂ ಇಲ್ಲ. “ನಮ್ಮ ರಾಣಿ ಹಂಗೆ ಮಾಡೂದೇ ಇಲ್ಲ. ಮೊದ್ಲು ನೀರು ಮುಟ್ಟಿ ಕಣ್ಣಿಗೆ ಒತ್ಕಂತಾಳೆ, ಮತ್ತೆ ದೋಣಿ.”

“ನಿಂಗೆ ಹೆಂಗೆ ಗೊತ್ತೇ?” ಎಂದಳು ಪಕ್ಕದ ಮನೆಯ ಹೀರಾ.

ಚಂಪಾ ನನ್ನತ್ತ ನೋಡಲಿಲ್ಲ. ನೆಲದ ಮೇಲೆ ಕೂತು ಮೊದಲಿಂದ ಕಥೆ ಹೇಳತೊಡಗಿದಳು. ಕಳ್ಳರ ಹಡಗು, ಹರಿದ ಬಲೆ, ರಾಣಿ ಬಂಡೆಯ ಹಿಂದೆ ಅಡಗಿ ಕೂತದ್ದು, ಒಂದೂ ಬಿಡಲಿಲ್ಲ. ಹೆಂಗಸರು ನಗು ಮರೆತು ಕೇಳಿದರು. ರಾಣಿ ಗಾಯದ ಕೈಗೆ ಸೆರಗು ಸುತ್ತಿಕೊಂಡು ನಡುಗಡ್ಡೆಗೆ ಇಳಿದಳು ಎಂದಾಗ ನಾನು ತಲೆಯೆತ್ತಿ ಅವಳನ್ನೇ ನೋಡಿದೆ. ಆ ಪುಟ ಇನ್ನೂ ಅಚ್ಚಾಗಿರಲಿಲ್ಲ. ಅಟ್ಟದ ಮೇಲೆ, ಬಣ್ಣದ ಡಬ್ಬಿಗಳ ಹಿಂದಿತ್ತು.

“ಮತ್ತೆ? ನಡುಗಡ್ಡೆಲಿ ಯಾರಿದ್ರು?” ಹೀರಾ ಕೇಳಿದಳು.

“ನಂಗೆಂತ ಗೊತ್ತು?” ಚಂಪಾ ಈಗ ನನ್ನತ್ತ ತಿರುಗಿದಳು. “ಟಿವಿ ಟಿವಿ ಅಂತ ಈ ಮನುಷ್ಯ ತಿಂಗ್ಳಿಂದ ಕುಂಚ ಮುಟ್ಟಲಿಲ್ಲ. ದಿನಾ ಅಟ್ಟ ಹತ್ತಿ ನೋಡಿ ನೋಡಿ ನಂಗೆ ಸಾಕಾಯ್ತು.”