ಹಿತ್ತಲ ಕುಣಿ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ತ್ಯಾವಣಿಗೆಯ ಶಿವಮೂರ್ತಪ್ಪ ಮಗಳ ಮದುವೆಗೆ ಕರೆಂಟಿನ ದೀಪ ಹಾಕಿಸಲು ಹೊರಟಾಗ ಊರವರು ಬಾಯಿಗೆ ಬಂದಂತೆ ಆಡಿಕೊಂಡರು. ಊರವರಿಗೆ ಇನ್ನೇನು ಕೆಲಸ! ಅವನ ತಾಯಿ ಭೀಮಕ್ಕ ಮಾತ್ರ ಏನೂ ಅನ್ನಲಿಲ್ಲ. ಹೆತ್ತವಳನ್ನು ಎಳವೆಯಲ್ಲೇ ಕಳೆದುಕೊಂಡ ಸಾವಂತ್ರಿಯನ್ನು ಸಾಕಿ ಬೆಳೆಸಿದವಳು ಅವಳೇ. ಮೊಮ್ಮಗಳ ಮದುವೆಗೆ ಚಂದ್ರನನ್ನೇ ಕೆಳಗಿಳಿಸುತ್ತೇನೆ ಅಂತ ಮಗ ಅಂದಿದ್ದರೂ ಮುದುಕಿ ಏಣಿ ಹಿಡಿದು ನಿಲ್ಲುತ್ತಿದ್ದಳು.

ದಾವಣಗೆರೆಯಿಂದ ಗಾಡಿಯ ಮೇಲೆ ಕರೆಂಟು ಹುಟ್ಟಿಸುವ ಎಂಜಿನ್ನು ಬಂತು. ಜೊತೆಗೆ ಅದರ ಯಜಮಾನ ಜಂಪಣ್ಣನೂ ಅವನ ಮುಂಗೋಪವೂ ಬಂದವು. ಹೊಗೆ ಮನೆಗೆ ನುಗ್ಗಬಾರದೆಂದು ಎಂಜಿನ್ನನ್ನು ಹಿತ್ತಲಿನ ತುದಿಯಲ್ಲಿ ನಿಲ್ಲಿಸಿದ. ಪ್ಲಗ್ಗು ಚುಚ್ಚುವ ಹಲಗೆಯನ್ನು ನೀರು ಸಿಡಿಯದ ಹಾಗೆ ಸೂರಿನ ಕೆಳಗೆ ಎತ್ತರದಲ್ಲಿ ಮೊಳೆ ಹೊಡೆದು ಕೂರಿಸಿದ. ಅಲ್ಲಿಂದ ಚಪ್ಪರದ ಕಬ್ಬಿಣದ ದೀಪದ ಕಂಬಕ್ಕೆ ತಂತಿ ಎಳೆದ. ಯಾರು ಏನು ಕೇಳಿದರೂ “ಆಮ್ಯಾಲೆ ನೋಡ್ರಿ” ಅನ್ನುವುದೊಂದೇ ಉತ್ತರ.

ಮಧ್ಯಾಹ್ನ ಕೊಟ್ಟಿಗೆಯ ಕಸ ಚೆಲ್ಲಲು ಹೋದ ಭೀಮಕ್ಕ ಹೊಸದಾಗಿ ಮುಚ್ಚಿದ ಕುಣಿಯೊಂದನ್ನು ಕಂಡಳು. ನಡುವೆ ಕಬ್ಬಿಣದ ಸರಳು ನೆಟ್ಟು, ಅದಕ್ಕೆ ತಂತಿ ಸುತ್ತಿ ಬಿಗಿದಿದ್ದರು. ತಂತಿಯ ಇನ್ನೊಂದು ತುದಿ ಮಣ್ಣಿನಲ್ಲಿ ಹೂತುಹೋಗಿತ್ತು. ಕೆದಕಿದರೆ ಇದ್ದಿಲು, ಅದರ ಕೆಳಗೆ ಉಪ್ಪು.  ಮದುವೆಮನೆಯ ಹಿತ್ತಲಲ್ಲಿ ಇದನ್ನೆಲ್ಲ ಹೂತಿದ್ದಾರೆಂದರೆ ಮಾಟವಲ್ಲದೆ ಮತ್ತೇನು?

ಮಗನನ್ನು ಕೂಗಲು ಬಾಯಿ ತೆರೆದವಳು ತಡೆದುಕೊಂಡಳು. ಮಾಟವೆಂಬ ಮಾತು ಬೀಗರ ಕಿವಿಗೆ ಬಿದ್ದರೆ ಅವರ ಗಾಡಿಗಳು ಬಂದ ದಾರಿಗೇ ತಿರುಗುತ್ತವೆ, ಹುಡುಗಿಯ ಬಾಳು ಮೂರಾಬಟ್ಟೆಯಾಗುತ್ತದೆ. ಸರಳನ್ನು ಅಲ್ಲಾಡಿಸಿ ಕಿತ್ತಳು. ಉಪ್ಪು ಇದ್ದಿಲನ್ನೆಲ್ಲ ಬರಿಗೈಯಲ್ಲಿ ಬಾಚಿ ತಿಪ್ಪೆಗೆ ಸುರಿದಳು. ಕೈ ತೊಳೆದು, ವಿಭೂತಿ ಹಚ್ಚಿಕೊಂಡು, ಏನೂ ಆಗದವಳಂತೆ ಅಡುಗೆಮನೆ ಸೇರಿದಳು.

ಹೊತ್ತು ಇಳಿದಾಗ ಎಂಜಿನ್ನು ತಿರುಗಿಸಲು ಹೋದ ಜಂಪಣ್ಣ ಊರಿಗೇ ಕೇಳುವಂತೆ ಅರಚಿದ. “ಯಾರ್ರೀ ಇದನ್ನ ಕಿತ್ತೋರು? ನಾನು ಎಂಜಿನ್ನು ಸುರು ಮಾಡಲ್ಲ!”

ಬೀಗರ ಗಾಡಿಗಳು ಆಗಲೇ ಊರಬಾಗಿಲಿಗೆ ಬಂದಿದ್ದವು. ಶಿವಮೂರ್ತಪ್ಪ ಕೈಕೈ ಹಿಸುಕಿಕೊಂಡ. “ಇದೊಂದು ಸಂಜೆ ಹಂಗೇ ಹಚ್ಚಪ್ಪ, ಮರ್ಯಾದೆ ಪ್ರಶ್ನೆ ಐತೆ.”

“ಮರ್ಯಾದೆಗಿಂತ ಜೀವ ದೊಡ್ಡದು ರೀ. ಎಲ್ಲಾದ್ರೂ ತಂತಿ ಸವೆದು ಕರೆಂಟು ಆ ದೀಪದ ಕಂಬಕ್ಕೆ ತಗುಲಿದ್ರೆ ಭೂಮಿಗೆ ಇಳಿಯಾಕೆ ದಾರಿ ಬೇಕು. ಕಂಬದಿಂದ ಈ ಕುಣಿಗೆ ತಂತಿ ಬಿಟ್ಟಿದ್ದು, ಉಪ್ಪು ಇದ್ದಿಲು ಹಾಕಿ ನೀರು ಹೊಯ್ದಿದ್ದು ಅದಕ್ಕೇ. ದಾರಿ ಇಲ್ಲಾಂದ್ರೆ ಕಂಬ ಮುಟ್ಟಿದೋರ ಮೈಯಾಗೆ ಇಳಿತೈತೆ. ಮದುಮಗಳು ಬರಿಗಾಲಾಗೆ ಕೂರೋದು ಆ ಕಂಬದ ಮಗ್ಗುಲಾಗೇ ಅಲ್ವೇನ್ರಿ?”

ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದ ಭೀಮಕ್ಕ ಬಾಗಿಲು ತಳ್ಳಿದಳು. ಹೊರಗೆ ಬಂದು, “ನಾನೇ ಕಿತ್ತಿದ್ದು ಕಣಪ್ಪ,” ಅಂದಳು. “ಯಾರೋ ಮಾಟ ಮಾಡ್ಯಾರೆ ಅನ್ಕೊಂಡೆ. ನಮ್ಮ ಹುಡುಗಿಗೆ ಕೇಡಾಗಬಾರ್ದು ಅಂತ...”

ಮಗ ಹಣೆ ಚಚ್ಚಿಕೊಂಡ. ಜಂಪಣ್ಣನ ಸಿಟ್ಟು ಮಾತ್ರ ಅಲ್ಲೇ ಇಳಿಯಿತು. “ತಪ್ಪು ನಂದೇ ಬಿಡವ್ವ, ಬಾಯಿಬಿಟ್ಟು ಹೇಳಬೇಕಿತ್ತು. ಮನ್ಯಾಗೆ ಉಪ್ಪು ಐತಾ?”

ಭೀಮಕ್ಕ ಉಪ್ಪಿನ ಮಡಕೆಯನ್ನೇ ಹೊತ್ತು ತಂದಳು. ಒಲೆಯ ಇದ್ದಿಲನ್ನೂ ಕೊಡ ನೀರನ್ನೂ ತಂದಳು. ಮಗ ಬೇಡವೆಂದರೂ ಕೇಳದೆ ತಾನೇ ಕುಣಿ ತುಂಬಿ ತುಳಿದಳು. ಸರಳು ಅಲುಗುವುದಿಲ್ಲವೆಂದು ನೋಡಿ, ತಂತಿ ಬಿಗಿದ ಮೇಲೆಯೇ ಜಂಪಣ್ಣ ಎಂಜಿನ್ನು ತಿರುಗಿಸಿದ. ಚಪ್ಪರವೆಲ್ಲ ಬೆಳ್ಳಗಾಯಿತು. ಒಳಗೆ ಬಂದ ಬೀಗರು ಬಿಟ್ಟ ಬಾಯಿ ಮುಚ್ಚಲಿಲ್ಲ.

ಗಂಡ ತೀರಿಕೊಂಡಂದಿನಿಂದ ಭೀಮಕ್ಕ ಶುಭಕಾರ್ಯದಲ್ಲಿ ಮುಂದೆ ಬಂದವಳಲ್ಲ, ಬಾ ಎಂದು ಯಾರೂ ಕರೆದದ್ದೂ ಇಲ್ಲ. ಮುತ್ತೈದೆಯರು ಸಾವಂತ್ರಿಯನ್ನು ತಂದು ಹಸೆಯ ಮೇಲೆ ಕೂರಿಸಿದರು. ಹುಡುಗಿಗೂ ಕಬ್ಬಿಣದ ಕಂಬಕ್ಕೂ ನಡುವೆ ಒಂದು ಮೊಳ ಜಾಗವಿತ್ತು. ಅಡುಗೆಮನೆಯ ಬಾಗಿಲಿಂದ ಭೀಮಕ್ಕ ಅದನ್ನು ನೋಡಿದಳು. ಜಂಪಣ್ಣನ ಮೇಲೆ ಅವಳಿಗೆ ನಂಬಿಕೆಯಿತ್ತು. ತಾನೇ ತುಳಿದ ಕುಣಿಯ ಮೇಲೂ ಇತ್ತು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಷ್ಟೂ ಜನರ ನಡುವೆ ನಡೆದುಬಂದು, ಆ ಮೊಳ ಜಾಗದಲ್ಲಿ ತೂರಿಕೊಂಡು ಕಂಬಕ್ಕೆ ಬೆನ್ನು ಮಾಡಿ ಕುಳಿತಳು. ತಗುಲುವುದಿದ್ದರೆ ಮೊದಲು ತನಗೆ ತಗುಲಲಿ.

ಬೀಗಿತ್ತಿಯೊಬ್ಬಳು ಏನೋ ಅನ್ನಲು ಹೋದಳು. ಭೀಮಕ್ಕ ಅತ್ತ ತಿರುಗಿಯೂ ನೋಡಲಿಲ್ಲ. ಸಾವಂತ್ರಿ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

“ಅಜ್ಜಿ, ಎದ್ದು ಹೋಗಬ್ಯಾಡ.”

“ಎಂಜಿನ್ನು ನಿಲ್ಲೋತನಕ ಏಳಲ್ಲ, ಸುಮ್ಕಿರು,” ಅಂದಳು ಭೀಮಕ್ಕ.